ಗಂಗಾಮೂಲದಿಂದ ಕೇಡಗಾಂವ್‌ಗೆ: ಮಾಳದ ಒಂದು ಮನೆಯವರು ನಡೆದ ದಾರಿ

(ಕಾರ್ಕಳದಲ್ಲಿ ಓದುಗರ ಕೂಟವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪಂಡಿತಾ ರಮಾಬಾಯಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಎರಡು ವಿಷಯ ನೆನಪಾಗುತ್ತವೆ. ದೊಡ್ಡ ಸಂಸ್ಕೃತ ವಿದ್ವಾಂಸೆ ಅನ್ನುವುದು ಒಂದು. ಕ್ರೈಸ್ತ ಧರ್ಮಕ್ಕೆ ಸೇರಿದರು ಅನ್ನುವುದು ಇನ್ನೊಂದು. ಎರಡನೆಯದು ಬಂದ ಕೂಡಲೇ ಮಾತು ಜಗಳಕ್ಕೆ ತಿರುಗುತ್ತದೆ. ಹೊಗಳುವವರು ಒಂದು ಕಡೆ, ಬೈಯುವವರು ಒಂದು ಕಡೆ. 1883ರ ಒಂದು ದಿನವನ್ನು ಹಿಡಿದುಕೊಂಡು ಇಷ್ಟು ವರ್ಷ ಎಳೆದಾಡಿದ್ದೇವೆ.

ಆ ದಿನ ನಡೆದದ್ದು ಇಂಗ್ಲೆಂಡಿನಲ್ಲಿ. ಆದರೆ ಅದರ ಬೇರು ಇಲ್ಲಿದೆ, ನಮ್ಮ ಕಾರ್ಕಳ ತಾಲೂಕಿನ ಮಾಳದಲ್ಲಿ. ಅಪ್ಪ ಅಮ್ಮ ಯಾರು, ಯಾಕೆ ಊರು ಬಿಟ್ಟರು, ದಾರಿಯಲ್ಲಿ ಏನು ಕಂಡರು ಅನ್ನುವುದನ್ನು ತಿಳಿಯದೆ ಮಗಳ ಮತಾಂತರದ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಹಾಗಾಗಿ ಇವತ್ತು ಅಪ್ಪನಿಂದ ಶುರು ಮಾಡುತ್ತೇನೆ. ಅಮ್ಮನ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಯಾಕೆಂದರೆ ಅವರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಅಪ್ಪನ ಹೆಸರು ಅನಂತ ಶಾಸ್ತ್ರಿ ಡೋಂಗ್ರೆ. ಚಿತ್ಪಾವನ ಬ್ರಾಹ್ಮಣರು. ಕೊಂಕಣದಿಂದ ಇಳಿದು ಬಂದು ಘಟ್ಟದ ಬುಡದಲ್ಲಿ ತೋಟ ಮಾಡಿಕೊಂಡ ಚಿತ್ಪಾವನ ಮನೆತನಗಳು ಮಾಳದಲ್ಲಿ ಇವತ್ತಿಗೂ ಇವೆ, ನಿಮಗೇ ಗೊತ್ತಲ್ಲ. ಅನಂತ ಶಾಸ್ತ್ರಿಗಳು ಹುಟ್ಟಿದ್ದು 18ನೇ ಶತಮಾನದ ಕೊನೆಯ ವರ್ಷಗಳಲ್ಲಿ. ಓದುವ ಹುಚ್ಚು. ಆ ಹುಚ್ಚು ಅವರನ್ನು ಪುಣೆಗೆ ಕರೆದುಕೊಂಡು ಹೋಯಿತು. ಅಲ್ಲಿ ರಾಮಚಂದ್ರ ಶಾಸ್ತ್ರಿ ಅನ್ನುವ ವಿದ್ವಾಂಸರ ಹತ್ತಿರ ಪಾಠ.

ಈ ಗುರುಗಳಿಗೆ ಪೇಶ್ವೆ ಎರಡನೇ ಬಾಜೀರಾಯನ ಅರಮನೆಗೂ ಹೋಗಿ ಪಾಠ ಹೇಳುವ ಕೆಲಸ ಇತ್ತು. ಪಾಠ ಯಾರಿಗೆ? ಪೇಶ್ವೆಯ ಹೆಂಡತಿಗೆ. ಗುರುಗಳ ಜೊತೆ ಹೋದ ಈ ಹುಡುಗ ಅಲ್ಲಿ ರಾಣಿ ಸಂಸ್ಕೃತ ಶ್ಲೋಕ ಹೇಳುವುದನ್ನು ಕೇಳಿದ. ಹೆಂಗಸಿನ ಬಾಯಲ್ಲಿ ಸಂಸ್ಕೃತ! ಅಲ್ಲೇ ಮನಸ್ಸಿಗೆ ಬಂತು: ನಾನೂ ನನ್ನ ಹೆಂಡತಿಗೆ ಕಲಿಸಬೇಕು.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು. ಅನಂತ ಶಾಸ್ತ್ರಿ ಊರಿಗೆ ಬಂದರು. ಹೆಂಡತಿಗೆ ಕಲಿಸಲು ಹೊರಟರು. ಆಕೆಗೆ ಮನಸ್ಸಿರಲಿಲ್ಲ, ಮನೆಯ ಹಿರಿಯರಂತೂ ಒಪ್ಪಲೇ ಇಲ್ಲ. ಆಸೆ ಅಲ್ಲಿಗೇ ನಿಂತಿತು. ಮುಂದೆ ಮೈಸೂರಿಗೆ ಹೋಗಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ವರ್ಷಗಟ್ಟಲೆ ಇದ್ದರು. ಒಳ್ಳೆ ಹೆಸರು, ಹಣ ಎರಡೂ ಬಂತು. ಆಮೇಲೆ ಉತ್ತರದ ಯಾತ್ರೆ, ಕಾಶಿಯಲ್ಲಿ ಓದು. ಈ ನಡುವೆ ಮೊದಲ ಹೆಂಡತಿ ತೀರಿಕೊಂಡರು.

ಯಾತ್ರೆಯಿಂದ ಮರಳುವಾಗ ಗೋದಾವರಿ ತೀರದ ಒಂದು ಊರಲ್ಲಿ ಸ್ನಾನಕ್ಕೆ ಇಳಿದಿದ್ದರು. ಅದೇ ಹೊಳೆಗೆ ಇನ್ನೊಬ್ಬ ಬ್ರಾಹ್ಮಣರು ಬಂದಿದ್ದರು. ಅವರೂ ಹೆಂಡತಿ ಮಕ್ಕಳ ಜೊತೆ ಯಾತ್ರೆಗೆ ಹೊರಟವರು. ಇಬ್ಬರು ಹೆಣ್ಣುಮಕ್ಕಳು, ಒಬ್ಬಳಿಗೆ ಒಂಬತ್ತು, ಇನ್ನೊಬ್ಬಳಿಗೆ ಏಳು. ಮಾತಿಗೆ ಮಾತು ಸೇರಿತು. ಈ ಶಾಸ್ತ್ರಿಗಳಿಗೆ ಹೆಂಡತಿ ಇಲ್ಲ ಎಂದು ತಿಳಿಯಿತು. ಮರುದಿನವೇ ದೊಡ್ಡ ಮಗಳನ್ನು ಧಾರೆ ಎರೆದು ಕೊಟ್ಟರು. ಅವಳಿಗೆ ಒಂಬತ್ತು, ಇವರಿಗೆ ನಲವತ್ತನಾಲ್ಕು. ಕೊಟ್ಟವರು ತಮ್ಮ ದಾರಿ ಹಿಡಿದರು. ಹುಡುಗಿ ಗುರುತೇ ಇಲ್ಲದ ಒಬ್ಬರ ಹಿಂದೆ, ಭಾಷೆಯೇ ಬೇರೆಯಾದ ಕರಾವಳಿಯ ಕಡೆಗೆ ಹೊರಟಳು.

ಈ ಮದುವೆಯ ಕತೆಯನ್ನು ರಮಾಬಾಯಿ ಮುಂದೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕದಲ್ಲಿ ಬಾಲ್ಯವಿವಾಹಗಳು ಹೇಗೆ ನಡೆಯುತ್ತಿದ್ದವು ಅನ್ನುವುದಕ್ಕೆ ಉದಾಹರಣೆಯಾಗಿ ಬರೆದರು. ಹೆಸರು ಹೇಳಲಿಲ್ಲ. ಹುಡುಗಿಯ ಪುಣ್ಯ, ಅವಳನ್ನು ಚೆನ್ನಾಗಿ ನೋಡಿಕೊಳ್ಳುವವರ ಕೈಗೆ ಬಿದ್ದಳು, ಆದರೆ ಕೊಟ್ಟ ತಂದೆಗೆ ಅದು ಗೊತ್ತಿತ್ತೇ ಎಂಬ ಅರ್ಥದ ಮಾತು ಅಲ್ಲಿದೆ. ಅಪ್ಪನ ಮೇಲೆ ಬೆಟ್ಟದಷ್ಟು ಪ್ರೀತಿ ಇದ್ದರೂ ಅಪ್ಪ ಮಾಡಿದ ಮದುವೆಯನ್ನು ಆಕೆ ಸಮರ್ಥಿಸಲಿಲ್ಲ. ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಆ ಹುಡುಗಿಯೇ ಲಕ್ಷ್ಮೀಬಾಯಿ. ಮಾಳಕ್ಕೆ ಬಂದ ಮೇಲೆ ಪಾಠ ಶುರುವಾಯಿತು. ಈ ಬಾರಿ ಕಲಿಯುವವಳಿಗೆ ಮನಸ್ಸಿತ್ತು. ಆದರೆ ಸುತ್ತಲಿನವರಿಗೆ ಸಿಟ್ಟು ಬಂತು. ಹೆಂಗಸಿಗೆ ದೇವಭಾಷೆ ಕಲಿಸುವುದಾ? ದೂರು ಉಡುಪಿಯವರೆಗೆ ಹೋಯಿತು. ಮಾಧ್ವ ಮಠದ ಮುಖ್ಯರ ಮುಂದೆ, ನೂರಾರು ವಿದ್ವಾಂಸರ ಸಭೆಯಲ್ಲಿ ಅನಂತ ಶಾಸ್ತ್ರಿಗಳು ಉತ್ತರ ಕೊಡಬೇಕಾಯಿತು.

ಅವರು ಏನು ಮಾಡಿದರು? ಕ್ಷಮೆ ಕೇಳಲಿಲ್ಲ. ಕೂಗಾಡಲೂ ಇಲ್ಲ. ಶಾಸ್ತ್ರಗ್ರಂಥಗಳನ್ನು ಒಂದೊಂದಾಗಿ ತೆರೆದು, ಹೆಂಗಸರು ಸಂಸ್ಕೃತ ಕಲಿಯಬಹುದು, ಪುರಾಣ ಇತಿಹಾಸ ಓದಬಹುದು ಅನ್ನುವುದಕ್ಕೆ ಆಧಾರಗಳನ್ನು ಆರಿಸಿ ಮುಂದಿಟ್ಟರು. ಆ ವಾಕ್ಯಗಳನ್ನೆಲ್ಲ ಬರೆದು ಕೂಡ ಕೊಟ್ಟರು. ಸಭೆ ಅವರನ್ನು ಹೊರಗೆ ಹಾಕಲಿಲ್ಲ. ಹಾಗಂತ ಅವರನ್ನು ಇವತ್ತಿನ ಅರ್ಥದ ಸುಧಾರಕ ಅಂದುಕೊಳ್ಳಬೇಡಿ. ಮಡಿ, ಜಾತಿ, ಆಚಾರ ಎಲ್ಲದರಲ್ಲೂ ಕಟ್ಟುನಿಟ್ಟು. ವೇದವನ್ನು ಹೆಂಡತಿಗೂ ಕಲಿಸಲಿಲ್ಲ, ಮಗಳಿಗೂ ಕಲಿಸಲಿಲ್ಲ. ಒಂದೇ ಒಂದು ವಿಷಯದಲ್ಲಿ ಅವರು ಲೋಕದ ಮಾತನ್ನು ಕೇಳಲಿಲ್ಲ. ಅದಕ್ಕೂ ಗ್ರಂಥವನ್ನೇ ಸಾಕ್ಷಿ ಮಾಡಿಕೊಂಡರು.

ಸಭೆ ಗೆದ್ದರೂ ಊರಿನ ಮುನಿಸು ಹೋಗಲಿಲ್ಲ. ಕೊನೆಗೆ ಕಾಡಿಗೆ ಹೊರಟರು. ಹೋದದ್ದು ಗಂಗಾಮೂಲಕ್ಕೆ.

ಇವತ್ತು ಬಜಗೋಳಿ, ಮಾಳ ದಾಟಿ, ಘಾಟಿ ಹತ್ತಿ, ಎಸ್‌.ಕೆ. ಬಾರ್ಡರ್‌ (ಹಳೆಯ ಸೌತ್‌ ಕೆನರಾ ಜಿಲ್ಲೆಯ ಗಡಿ) ಆಚೆ ಕುದುರೆಮುಖದ ಕಡೆ ಹೋಗುವವರಿಗೆ ಗಂಗಾಮೂಲ ಗೊತ್ತು. ತುಂಗೆ, ಭದ್ರೆ ಹುಟ್ಟುವ ಜಾಗ. ನೇತ್ರಾವತಿಯೂ ಅಲ್ಲೇ ಹುಟ್ಟುತ್ತಾಳೆ ಅಂತ ಜನ ನಂಬುತ್ತಾರೆ. ಶೋಲಾ ಕಾಡು, ಹುಲ್ಲುಗುಡ್ಡ, ಮಳೆಗಾಲದಲ್ಲಿ ಬಿಡದೆ ಸುರಿಯುವ ಮಳೆ, ಕಾಲಿಗೆ ಹತ್ತುವ ಉಂಬಳ. ಈಗ ರಸ್ತೆ ಇದೆ. ಆಗ ಏನಿತ್ತು ಅಂತ ಯೋಚನೆ ಮಾಡಿ.

ಮೊದಲ ರಾತ್ರಿ ಅವರಿಗೆ ತಲೆಯ ಮೇಲೆ ಸೂರು ಇರಲಿಲ್ಲ. ಕಣಿವೆಯ ಆಚೆ ಬದಿಯಿಂದ ಹುಲಿ ಕೂಗುವುದು ಕೇಳುತ್ತಿತ್ತು. ಚಿಕ್ಕ ವಯಸ್ಸಿನ ಹೆಂಡತಿ ಹತ್ತಿಯ ದುಪ್ಪಟಿಯನ್ನು ಮೈತುಂಬ ಸುತ್ತಿಕೊಂಡು ನೆಲದ ಮೇಲೆ ಮುದುಡಿ ಮಲಗಿದ್ದರು, ಹೆದರಿ ನಡುಗುತ್ತಿದ್ದರು. ಗಂಡ ಬೆಳಗಾಗುವವರೆಗೆ ಕಾವಲು ಕೂತರು. ಬೆಳಗಾದ ಮೇಲೆ ಹುಲಿಯ ಸದ್ದು ನಿಂತಿತು. ಆಮೇಲೆ ಗುಡಿಸಲು ಕಟ್ಟಿದರು. ದನಕರು ಬಂದವು. ದೂರದೂರದಿಂದ ವಿದ್ಯಾರ್ಥಿಗಳು ಬಂದರು. ಕಾಡಿನ ನಡುವೆ ಒಂದು ಪಾಠಶಾಲೆಯೇ ಎದ್ದಿತು. ಲಕ್ಷ್ಮೀಬಾಯಿ ಅಲ್ಲೇ ಓದು ಮುಂದುವರಿಸಿದರು. ಮನೆ ತುಂಬ ಶಿಷ್ಯರು, ಅತಿಥಿಗಳು. ಅಡುಗೆ, ದನ, ಮಕ್ಕಳು, ಅದರ ಮೇಲೆ ಸಂಸ್ಕೃತ. ಆರು ಮಕ್ಕಳು ಹುಟ್ಟಿದರು, ಉಳಿದದ್ದು ಮೂವರು: ಕೃಷ್ಣಾಬಾಯಿ, ಶ್ರೀನಿವಾಸ, ಕೊನೆಯವಳು ರಮಾ. ರಮಾ ಹುಟ್ಟಿದ್ದು 1858ರ ಏಪ್ರಿಲ್‌ 23ರಂದು.

ಅಷ್ಟರಲ್ಲಿ ಕೈ ಬರಿದಾಗಿತ್ತು. ಪುಣ್ಯಕ್ಷೇತ್ರದಲ್ಲಿ ವಾಸ ಮಾಡುವ ಶಾಸ್ತ್ರಿಗಳ ಮನೆಗೆ ಬಂದವರಿಗೆಲ್ಲ ಊಟ ಹಾಕಬೇಕು, ತಂಗಲು ಜಾಗ ಕೊಡಬೇಕು. ಹಾಗೆ ಹಾಕಿ ಹಾಕಿಯೇ ಆಸ್ತಿ ಕರಗಿತು, ಸಾಲ ಬೆಳೆಯಿತು. ರಮಾ ಆರು ತಿಂಗಳ ಮಗು ಇರುವಾಗ ಗಂಗಾಮೂಲ ಬಿಟ್ಟರು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳೊಬ್ಬ ತಲೆಯ ಮೇಲೆ ಹೊತ್ತು ಬೆಟ್ಟ ಇಳಿದ. ತನ್ನ ಯಾತ್ರೆಯ ಬದುಕು ಅಲ್ಲಿಂದಲೇ ಶುರುವಾಯಿತು ಅಂತ ರಮಾಬಾಯಿ ಮುಂದೆ ಬರೆದರು.

ಆಮೇಲೆ ಆ ಕುಟುಂಬಕ್ಕೆ ಸ್ವಂತ ಮನೆ ಅಂತ ಆಗಲೇ ಇಲ್ಲ. ದೇವಸ್ಥಾನದಿಂದ ದೇವಸ್ಥಾನಕ್ಕೆ, ತೀರ್ಥದಿಂದ ತೀರ್ಥಕ್ಕೆ. ಗುಡಿಯ ಅಂಗಳದಲ್ಲಿ, ಹೊಳೆಯ ಕಟ್ಟೆಯಲ್ಲಿ ಕೂತು ಪುರಾಣ ಓದುವುದು. ಕೇಳಿದವರು ಹಾಕಿದ ಅಕ್ಕಿ, ಕಾಸು, ಹಣ್ಣು, ಬಟ್ಟೆಯಲ್ಲಿ ದಿನ ಕಳೆಯುವುದು. ಅಪ್ಪನಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಹಾಗಾಗಿ ಚಿಕ್ಕ ಮಗಳಿಗೆ ಪಾಠ ಹೇಳಿದವರು ಅಮ್ಮ. ಎಂಟನೇ ವಯಸ್ಸಿನಿಂದ ಹದಿನೈದರವರೆಗೆ. ನಸುಕಿನಲ್ಲಿ, ಮನೆಗೆಲಸ ಶುರುವಾಗುವ ಮೊದಲು, ನೆಲದ ಮೇಲೆ ಮಲಗಿದ್ದ ಮಗಳನ್ನು ಮುದ್ದಿನ ಮಾತಾಡಿ ಎಬ್ಬಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಶ್ಲೋಕ ಹೇಳಿಕೊಡುತ್ತಿದ್ದರು. ಪುಸ್ತಕ ಇರಲಿಲ್ಲ, ಅಮ್ಮ ಹೇಳಿದ್ದೇ ಪಾಠ. ಹನ್ನೆರಡು ವರ್ಷ ಆಗುವಷ್ಟರಲ್ಲಿ ಭಾಗವತದ 18,000 ಶ್ಲೋಕ ಬಾಯಿಗೆ ಬಂದಿತ್ತು.

ಒಂಬತ್ತು ವರ್ಷಕ್ಕೆ ಅಪರಿಚಿತರ ಕೈ ಹಿಡಿದು ಬಂದ ಆ ಹುಡುಗಿ, ಭಾರತಕ್ಕೆ ಒಬ್ಬ ದೊಡ್ಡ ಪಂಡಿತೆಯನ್ನು ಕೊಟ್ಟರು. ನನ್ನ ಪ್ರಕಾರ ಈ ಇಡೀ ಕತೆಯ ಅತಿ ದೊಡ್ಡ ಸಾಧನೆ ಇದೇ. ರಮಾಬಾಯಿ 1887ರಲ್ಲಿ ಅಮೆರಿಕದಲ್ಲಿ ಆ ಇಂಗ್ಲಿಷ್‌ ಪುಸ್ತಕ ಅಚ್ಚು ಹಾಕಿಸಿದಾಗ ಅದನ್ನು ಲಕ್ಷ್ಮೀಬಾಯಿ ಡೋಂಗ್ರೆಯವರ ನೆನಪಿಗೇ ಅರ್ಪಿಸಿದರು.

ಇನ್ನೊಂದು ಮಾತು. ಅಕ್ಕ ಕೃಷ್ಣಾಬಾಯಿಗೆ ಪದ್ಧತಿಯಂತೆ ಚಿಕ್ಕಂದಿನಲ್ಲೇ ಮದುವೆ ಮಾಡಿದ್ದರು. ಆ ಮದುವೆ ಹಾಳಾಯಿತು. ಅದನ್ನು ನೋಡಿ ಅಪ್ಪ ಅಮ್ಮ ರಮಾಳಿಗೆ ಬೇಗ ಮದುವೆ ಮಾಡಲಿಲ್ಲ. ಆ ಕಾಲದಲ್ಲಿ ಬ್ರಾಹ್ಮಣರ ಮನೆಯಲ್ಲಿ ಬೆಳೆದ ಹೆಣ್ಣುಮಗಳು ಮದುವೆ ಇಲ್ಲದೆ ಇರುವುದು ಅಂದರೆ ಸಣ್ಣ ಮಾತಲ್ಲ. ಒಂದೂರಲ್ಲಿ ನಿಂತವರಿಗೆ ಅದು ಸಾಧ್ಯವೇ ಇರಲಿಲ್ಲ. ನಡೆಯುತ್ತಲೇ ಇದ್ದವರಿಗೆ ಸಾಧ್ಯವಾಯಿತು.

ಈಗ ಬರದ ಕತೆ. ಇದನ್ನು ಹೇಳುವುದು ಕಷ್ಟ, ಆದರೆ ಬಿಡುವ ಹಾಗಿಲ್ಲ.

1870ರ ದಶಕದಲ್ಲಿ ಮದ್ರಾಸ್‌ ಪ್ರಾಂತ್ಯದಲ್ಲಿ ಮಳೆ ಕೈಕೊಟ್ಟಿತು. ಜನರಿಗೇ ಊಟ ಇಲ್ಲದಾಗ ಪುರಾಣ ಯಾರು ಕೇಳುತ್ತಾರೆ? ಇದ್ದ ಚೂರು ಪಾರು ಹಣವನ್ನು ಪುಣ್ಯ ಬರಲಿ, ದೇವರು ಕಣ್ಣು ತೆರೆಯಲಿ ಎಂದು ದಾನಕ್ಕೆ, ವ್ರತಕ್ಕೆ ಸುರಿದರು. ಒಡವೆ ಹೋಯಿತು. ಬೆಳ್ಳಿ ಹೋಯಿತು. ಒಳ್ಳೆ ಬಟ್ಟೆ, ಕೊನೆಗೆ ಅಡುಗೆಯ ತಾಮ್ರದ ಪಾತ್ರೆಯೂ ಮಾರಾಟವಾಯಿತು. ಕೂಲಿ ಮಾಡಲು ಗೊತ್ತಿಲ್ಲ, ಮಾಡಲು ಜಾತಿಯ ಅಭಿಮಾನ ಬಿಡುವುದಿಲ್ಲ. ಬೇಡಲು ನಾಚಿಕೆ. ಗೊತ್ತಿದ್ದದ್ದು ಸಂಸ್ಕೃತ ಒಂದೇ. ಇದನ್ನು ನಾನು ಹೇಳುತ್ತಿಲ್ಲ, ತಮ್ಮ ಮನೆಯವರ ಬಗ್ಗೆ ರಮಾಬಾಯಿಯೇ ಹೀಗೆ ಬಿಚ್ಚಿ ಬರೆದಿದ್ದಾರೆ.

ತಿರುಪತಿಯ ಬೆಟ್ಟದ ಕಡೆ ಇದ್ದಾಗ, ಇನ್ನು ಕಾಡಿಗೆ ಹೋಗಿ ಸಾಯೋಣ ಅಂತ ಐದೂ ಜನ ಹೊರಟರು. ಹನ್ನೊಂದು ಹಗಲು, ಹನ್ನೊಂದು ರಾತ್ರಿ ನೀರು, ಎಲೆ, ಒಂದು ಹಿಡಿ ಕಾಡು ಖರ್ಜೂರ. ಅಪ್ಪ ತೀರ್ಥದ ಕೆರೆಯಲ್ಲಿ ಮುಳುಗಿ ಪ್ರಾಣ ಬಿಡಲು ಸಿದ್ಧರಾದರು. ಒಬ್ಬೊಬ್ಬರನ್ನೇ ಹತ್ತಿರ ಕರೆದು ಕೊನೆಯ ಮಾತು ಹೇಳಿದರು. ಕಿರಿಯವಳಾದ ರಮಾಳನ್ನು ತಬ್ಬಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ನೀನು ಅವನವಳು, ಬದುಕಿರುವವರೆಗೆ ಅವನೊಬ್ಬನ ಸೇವೆಯನ್ನೇ ಮಾಡಬೇಕು ಅಂದರು. ಆಗ ಮಗ ಶ್ರೀನಿವಾಸ ಮುಂದೆ ಬಂದು, ಜಾತಿಯ ಹಮ್ಮು ಬಿಟ್ಟು ಕೂಲಿ ಮಾಡಿಯಾದರೂ ನಿಮ್ಮನ್ನು ಸಾಕುತ್ತೇನೆ, ಸಾಯುವುದು ಬೇಡ ಅಂದ. ಅಪ್ಪ ಮನಸ್ಸು ಬದಲಿಸಿದರು. ಕಾಡು ಬಿಟ್ಟು ಹಳ್ಳಿಯ ಕಡೆ ನಡೆದರು.

ಆದರೆ ದೇಹ ಸೋತಿತ್ತು. ಕೆಲವೇ ದಿನಗಳಲ್ಲಿ ಅನಂತ ಶಾಸ್ತ್ರಿಗಳು ತೀರಿಕೊಂಡರು. ಅದು 1874. ಸಾಯುವ ಮೊದಲು ಸನ್ಯಾಸ ತೆಗೆದುಕೊಂಡಿದ್ದರಿಂದ ಹೂಳಬೇಕಿತ್ತು. ಹೊರಲು ಆ ಊರಿನ ಬ್ರಾಹ್ಮಣರು ಯಾರೂ ಮುಂದೆ ಬರಲಿಲ್ಲ. ಮಗನೇ ಅಪ್ಪನ ಶವವನ್ನು ಪಂಚೆಯಲ್ಲಿ ಸುತ್ತಿ ಊರ ಹೊರಗೆ ಹೊತ್ತುಕೊಂಡು ಹೋದ.

ಉಳಿದ ನಾಲ್ವರು ರಾಯಚೂರಿಗೆ ಬಂದರು. ನಮ್ಮದೇ ರಾಯಚೂರು. ಅಲ್ಲಿ ಅಮ್ಮನಿಗೆ ಜ್ವರ ಏರಿತು. ಜ್ವರದಲ್ಲಿ ಏನಾದರೂ ತಿನ್ನಲು ಕೊಡು ಅಂತ ಕೇಳುತ್ತಿದ್ದರು. ಕೊಡಲು ಏನೂ ಇಲ್ಲ. ರಮಾ ಒಂದು ಚೂರು ಸಜ್ಜೆ ರೊಟ್ಟಿ ಕೇಳೋಣ ಅಂತ ಹತ್ತಿರದ ಮನೆಗೆ ಹೋದಳು. ಬಾಗಿಲಲ್ಲಿ ನಿಂತಳು. ಬಾಯಿ ಬರಲಿಲ್ಲ. ಭಾಗವತ ಪೂರ್ತಿ ಹೇಳಬಲ್ಲ ಹುಡುಗಿಗೆ ರೊಟ್ಟಿ ಅನ್ನುವ ಒಂದು ಮಾತು ಹೊರಡಲಿಲ್ಲ. ಬರೀ ಕಣ್ಣೀರು. ಮನೆಯಾಕೆಯೇ ಒಳಗೆ ಹೋಗಿ ರೊಟ್ಟಿ ತಂದು ಕೈಗಿಟ್ಟರು. ತೆಗೆದುಕೊಂಡು ಓಡಿ ಬಂದರೆ ಅಮ್ಮನಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ.

ಲಕ್ಷ್ಮೀಬಾಯಿ ರಾಯಚೂರಿನಲ್ಲೇ ತೀರಿಕೊಂಡರು. ಸುಡುಗಾಡು ಮೂರು ಮೈಲಿ ದೂರ. ಕಾಡಿ ಬೇಡಿದ ಮೇಲೆ ಇಬ್ಬರು ಬ್ರಾಹ್ಮಣರು ಹೆಗಲು ಕೊಡಲು ಒಪ್ಪಿದರು. ಮೂರನೆಯವನು ಮಗ. ನಾಲ್ಕನೆಯ ಹೆಗಲು ಹದಿನಾರರ ರಮಾಳದ್ದು. ಅವಳು ಗಿಡ್ಡ, ಹೆಗಲು ಎಟುಕುತ್ತಿರಲಿಲ್ಲ. ಹಾಗಾಗಿ ಅಮ್ಮನ ಚಟ್ಟದ ಕೊನೆಯನ್ನು ತಲೆಯ ಮೇಲೆ ಹೊತ್ತು ನಡೆದಳು.

ಮುಂದೆ ಅಕ್ಕನೂ ಕಾಲರಾಕ್ಕೆ ಹೋದಳು. ಅಣ್ಣ ತಂಗಿ ಇಬ್ಬರೇ ಉಳಿದರು. ಕಾಲ್ನಡಿಗೆಯಲ್ಲಿ ಸಾವಿರಾರು ಮೈಲಿ, ಪಂಜಾಬ್‌, ಕಾಶ್ಮೀರದವರೆಗೆ. ಝೇಲಂ ನದಿಯ ದಂಡೆಯಲ್ಲಿ ಚಳಿಗೆ ಹೊದೆಯಲು ಏನೂ ಇಲ್ಲದೆ, ಮರಳಿನಲ್ಲಿ ಎರಡು ಗುಂಡಿ ತೋಡಿ, ಕತ್ತಿನವರೆಗೆ ಒಣ ಮರಳು ಮುಚ್ಚಿಕೊಂಡು ಮಲಗಿದ ರಾತ್ರಿಗಳಿದ್ದವು. ಶಾಸ್ತ್ರದಲ್ಲಿ ಹೇಳಿದ ವ್ರತಗಳನ್ನೆಲ್ಲ ಅಷ್ಟರವರೆಗೂ ಬಿಟ್ಟಿರಲಿಲ್ಲ. ಮಾಡಿದ್ದಕ್ಕೆ ಫಲ ಎಲ್ಲಿ ಅನ್ನುವ ಪ್ರಶ್ನೆ ಮೆಲ್ಲಗೆ ಎದ್ದಿತ್ತು.

1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿ ಒಮ್ಮೆಗೇ ಬದುಕು ತಿರುಗಿತು. ಪಂಡಿತರು ಪರೀಕ್ಷೆ ಮಾಡಿ, ಬೆರಗಾಗಿ, ಪಂಡಿತಾ ಮತ್ತು ಸರಸ್ವತಿ ಅನ್ನುವ ಬಿರುದು ಕೊಟ್ಟರು. ಕ್ರೈಸ್ತರನ್ನು ಹತ್ತಿರದಿಂದ ನೋಡಿದ್ದೂ ಅಲ್ಲೇ. ಒಂದು ಮನೆಯಲ್ಲಿ ಅವರೆಲ್ಲ ಕುರ್ಚಿಗಳ ಮುಂದೆ ಮೊಣಕಾಲೂರಿ ಪ್ರಾರ್ಥನೆ ಮಾಡುವುದನ್ನು ಕಂಡು, ಇವರು ಕುರ್ಚಿಗೆ ಪೂಜೆ ಮಾಡುತ್ತಾರೆ ಅಂತ ಅಣ್ಣ ತಂಗಿ ಅಂದುಕೊಂಡರಂತೆ. ಅವರು ಕೊಟ್ಟ ಸಂಸ್ಕೃತದ ಬೈಬಲ್‌ ಓದಿದರೂ ಏನೂ ಹಿಡಿಸಲಿಲ್ಲ. ಅಂದರೆ ಪಾದ್ರಿಗಳ ಮಾತಿಗೆ ಮರುಳಾಗಿ ಹೋದರು ಅನ್ನುವ ಸುಲಭದ ಕತೆ ಇಲ್ಲಿ ನಿಲ್ಲುವುದಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಪರದೆಯೊಳಗಿನ ಹೆಂಗಸರಿಗೆ ಸ್ತ್ರೀಧರ್ಮದ ಬಗ್ಗೆ ಉಪನ್ಯಾಸ ಕೊಡಿ ಅಂತ ಕಲ್ಕತ್ತಾದ ಪಂಡಿತರೇ ಕೇಳಿಕೊಂಡರು. ಸಿದ್ಧತೆಗಾಗಿ ಧರ್ಮಶಾಸ್ತ್ರಗಳನ್ನು ಓದಲು ಕೂತರು. ಒಂದು ಗ್ರಂಥ ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ. ಆದರೆ ಒಂದು ವಿಷಯದಲ್ಲಿ ಎಲ್ಲಕ್ಕೂ ಒಮ್ಮತ: ಯಾವ ಜಾತಿಯವಳೇ ಆಗಲಿ ಹೆಂಗಸು ಕೆಟ್ಟವಳು, ಅವಳಿಗೂ ಶೂದ್ರರಿಗೂ ಗಂಡಸರ ಹಾಗೆ ಮೋಕ್ಷ ಇಲ್ಲ, ಗಂಡನ ಸೇವೆಯೇ ಅವಳ ಗತಿ. ಇದನ್ನು ಓದಿದಾಗ ಆಕೆಗೆ ಅಮ್ಮನ ನೆನಪು ಬರದೆ ಇರುತ್ತದಾ? ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದ ಓದಿದ್ದೀರಾ ಅಂತ ಕೇಳಿ, ಇಲ್ಲ ಅಂದಾಗ ಒಂದು ಪ್ರತಿಯನ್ನೇ ಕೈಗಿಟ್ಟರು. ಅಪ್ಪ ಹಾಕಿದ್ದ ಒಂದೇ ಒಂದು ಗೆರೆಯನ್ನು ಮಗಳು ಹೀಗೆ ದಾಟಿದಳು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಅಣ್ಣನ ಗೆಳೆಯ, ಬಂಗಾಳಿ ವಕೀಲ ಬಿಪಿನ್‌ ಬಿಹಾರಿ ದಾಸ್‌ ಮೇಧಾವಿ ಅವರ ಜೊತೆ ರಿಜಿಸ್ಟರ್‌ ಮದುವೆ. ಅವರು ಶೂದ್ರ ಎನಿಸಿಕೊಂಡ ಜಾತಿಯವರು. ಎರಡೂ ಕಡೆಯವರು ದೂರ ಮಾಡಿದರು. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ. 1881ರ ಏಪ್ರಿಲಿನಲ್ಲಿ ಮಗಳು ಮನೋರಮಾ. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾಕ್ಕೆ ಬಲಿ. ಇಪ್ಪತ್ತಮೂರಕ್ಕೆ ವಿಧವೆ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು, ಶಿಕ್ಷಣದ ಬಗ್ಗೆ ವಿಚಾರಿಸಲು ಬ್ರಿಟಿಷ್‌ ಸರ್ಕಾರ ನೇಮಿಸಿದ್ದ ಹಂಟರ್‌ ಆಯೋಗದ ಮುಂದೆ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಸಾಕ್ಷಿ ಹೇಳಿದರು, ಮರಾಠಿಯಲ್ಲಿ 'ಸ್ತ್ರೀಧರ್ಮನೀತಿ' ಬರೆದರು. ಆ ಪುಸ್ತಕದಿಂದ ಬಂದ ಹಣವೇ 1883ರಲ್ಲಿ ಇಂಗ್ಲೆಂಡಿನ ದಾರಿಖರ್ಚಿಗೆ ಒದಗಿತು. ವೈದ್ಯಕೀಯ ಓದುವ ಆಸೆ ಇತ್ತು. ಕಿವಿ ಸರಿಯಾಗಿ ಕೇಳದೆ ಅದು ಕೈಬಿಟ್ಟಿತು.

ಇಳಿದುಕೊಂಡದ್ದು ವಾಂಟೇಜ್‌ ಊರಿನ ಆಂಗ್ಲಿಕನ್‌ ಸನ್ಯಾಸಿನಿಯರ ಮಠದಲ್ಲಿ. ಆ ಮಠದವರು ಲಂಡನ್ನಿನ ಫುಲಮ್‌ನಲ್ಲಿ ದಾರಿ ತಪ್ಪಿದವರು ಅನ್ನಿಸಿಕೊಂಡ ಹೆಂಗಸರಿಗಾಗಿ ಒಂದು ಆಶ್ರಯ ನಡೆಸುತ್ತಿದ್ದರು. ರಮಾಬಾಯಿಯನ್ನು ಅಲ್ಲಿಗೆ ಕಳಿಸಿದರು. ಊರು ಉಗಿಯುವ ಹೆಂಗಸರನ್ನು ಇವರು ಕೂರಿಸಿ ಮಾತಾಡಿಸುತ್ತಾರೆ, ಬದುಕಿಗೆ ಮತ್ತೆ ತರುತ್ತಾರೆ. ಯಾಕೆ ಅಂತ ಕೇಳಿದಾಗ ಒಬ್ಬ ಸಿಸ್ಟರ್‌ ಯೋಹಾನನ ಸುವಾರ್ತೆಯಿಂದ ಯೇಸು ಸಮಾರ್ಯದ ಹೆಂಗಸಿನ ಜೊತೆ ಮಾತಾಡಿದ ಭಾಗ ಓದಿ ಹೇಳಿದರು. ಶಾಸ್ತ್ರಗಳಲ್ಲಿ ಹುಡುಕಿ ಸಿಗದ್ದು ಅಲ್ಲಿ ಸಿಕ್ಕಿತು ಅಂತ ಆಕೆಗೆ ಅನ್ನಿಸಿತು. 1883ರ ಸೆಪ್ಟೆಂಬರ್‌ 29ರಂದು ತಾಯಿ ಮಗಳು ಇಬ್ಬರಿಗೂ ದೀಕ್ಷಾಸ್ನಾನ ಆಯಿತು.

ಇಲ್ಲಿ ಊರಲ್ಲಿ ಗುಲ್ಲೆದ್ದಿತು. ಆದರೆ ಅಲ್ಲಿ ಏನಾಯಿತು ನೋಡಿ. ದೀಕ್ಷಾಸ್ನಾನ ಮಾಡಿಸಿದವರಿಗೇ ಆಕೆ ತಲೆನೋವಾದರು. ತ್ರಿಯೇಕ ದೇವರು, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ ದೇವರು ಅನ್ನುವುದು ಬೈಬಲಿನಲ್ಲಿ ಎಲ್ಲಿದೆ, ತೋರಿಸಿ ಅಂದರು. ಊಟ ಸಸ್ಯಾಹಾರವೇ, ಮೊಟ್ಟೆ ಹಾಕಿದ್ದನ್ನೂ ಮುಟ್ಟಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್‌ ಅಕ್ಷರ ಯಾಕೆ, ನಮ್ಮ ಸಂಸ್ಕೃತಕ್ಕಿಂತ ಅದರಲ್ಲಿ ಹೆಚ್ಚಿನದೇನಿದೆ ಅಂತ ಕೇಳಿದರು. ಚೆಲ್ಟನಮ್‌ನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಓದುತ್ತ ಪಾಠ ಹೇಳುತ್ತ ಇದ್ದಾಗ, ಗಂಡಸರಿಗೂ ಭಾರತೀಯ ಭಾಷೆ ಕಲಿಸುವ ಮಾತು ಬಂತು. ಭಾರತದಲ್ಲಿದ್ದ ಬಿಷಪ್ಪರು ಕೂಡದು ಅಂದರು. ರಮಾಬಾಯಿ ಸುಮ್ನೆ ತಲೆಬಾಗಲಿಲ್ಲ. ವಾಂಟೇಜ್‌ ಮಠದ ಸಿಸ್ಟರ್‌ ಜೆರಾಲ್ಡೀನರಿಗೆ ಕಾಗದದ ಮೇಲೆ ಕಾಗದ ಬರೆದರು. ನಮ್ಮ ದೇಶದ ಪುರೋಹಿತರ ನೊಗವನ್ನು ಬಹಳ ಕಷ್ಟಪಟ್ಟು ಈಗಷ್ಟೇ ಇಳಿಸಿದ್ದೇನೆ, ಅಂಥದೇ ಇನ್ನೊಂದನ್ನು ಹೊರಲು ತಯಾರಿಲ್ಲ. ಕ್ರಿಸ್ತನ ಸಭೆಗೆ ಸೇರಿದವಳು ನಿಜ, ಹಾಗಂತ ಪಾದ್ರಿ, ಬಿಷಪ್ಪರ ಬಾಯಿಂದ ಬಿದ್ದ ಮಾತನ್ನೆಲ್ಲ ಒಪ್ಪಬೇಕಾಗಿಲ್ಲ. ಆ ಕಾಗದಗಳ ಸಾರ ಇದು.

ಈ ಕಾಗದಗಳನ್ನು ಓದುವಾಗ ನನಗೆ ಉಡುಪಿಯ ಸಭೆ ಕಣ್ಣಿಗೆ ಕಟ್ಟುತ್ತದೆ. ದೊಡ್ಡವರ ಮುಂದೆ ಗ್ರಂಥ ತೆರೆದು ಆಧಾರ ಎಲ್ಲಿ ಅಂತ ಕೇಳುವ ಅಭ್ಯಾಸ ಆಕೆ ಚೆಲ್ಟನಮ್‌ನಲ್ಲಿ ಕಲಿತದ್ದಲ್ಲ. ಅಪ್ಪನ ಮನೆಯಿಂದ ತಂದದ್ದು. ಆಕೆ ಬಿಟ್ಟ ಧರ್ಮದಿಂದಲೇ ಬಂದ ಅಭ್ಯಾಸ ಅದು. ಸೇರಿದ ಧರ್ಮದಲ್ಲೂ ಅದನ್ನು ಬಿಡಲಿಲ್ಲ. ಮತಾಂತರ ಅಂದರೆ ಒಂದು ಅಂಗಿ ಕಳಚಿ ಇನ್ನೊಂದು ತೊಟ್ಟ ಹಾಗೆ ಅಂತ ನಾವು ಮಾತಾಡುತ್ತೇವೆ. ರಮಾಬಾಯಿಯ ವಿಷಯದಲ್ಲಿ ಹಾಗೆ ಆಗಲೇ ಇಲ್ಲ. ಎರಡೂ ಕಡೆಯವರಿಗೆ ಅಸಮಾಧಾನ ಆದದ್ದು ಇದಕ್ಕೇ.

ಅಮೆರಿಕದಲ್ಲಿ ಹಣ ಕೂಡಿಸಿ ಬಂದು 1889ರ ಮಾರ್ಚ್‌ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಬಾಲವಿಧವೆಯರಿಗೆ ಓದು, ವಸತಿ. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಧರ್ಮಪ್ರಚಾರ ಇಲ್ಲ ಅನ್ನುವ ಮಾತು ಕೊಟ್ಟಿದ್ದರು. ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು, ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ಇದು ದೊಡ್ಡ ಗಲಾಟೆಯಾಯಿತು. ರಾನಡೆ, ಭಂಡಾರ್ಕರ್‌ ಅಂಥ ಸುಧಾರಕರೂ ಸಲಹಾ ಮಂಡಳಿ ಬಿಟ್ಟರು. ಹಲವರು ಮಕ್ಕಳನ್ನು ವಾಪಸು ಕರೆಸಿಕೊಂಡರು. ಹೆತ್ತವರ ಸಿಟ್ಟಿನಲ್ಲಿ ನ್ಯಾಯ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ನಂಬಿಕೆಯಿಂದ ಮಗಳನ್ನು ಕಳಿಸಿದವರಿಗೆ ಭಯ ಆಗುವುದು ಸಹಜ. ಆದರೆ ಆ ಹುಡುಗಿಯರಿಗೆ ತಲೆ ಬೋಳಿಸಿ ಮೂಲೆಗೆ ಕೂರಿಸುವುದನ್ನು ಬಿಟ್ಟು ಬೇರೆ ಜಾಗ ಯಾರು ಕೊಟ್ಟಿದ್ದರು? ಇದನ್ನೂ ಕೇಳಬೇಕು ಅಲ್ವಾ?

1896ರಲ್ಲಿ ಮತ್ತೆ ಬರ ಬಂತು. ಮಧ್ಯಪ್ರಾಂತ್ಯದಲ್ಲಿ ಜನ ಸಾಯುತ್ತಿದ್ದಾರೆ ಎಂಬ ಸುದ್ದಿ ಕೇಳಿ ರಮಾಬಾಯಿ ಅಲ್ಲಿಗೇ ಹೋದರು. ಗಂಜಿ ಕೇಂದ್ರಗಳ ಸುತ್ತ ಹಸಿದು ಕೂತ ಹುಡುಗಿಯರನ್ನು ಕಂಡರು. ರಾಯಚೂರಿನ ಬಾಗಿಲಲ್ಲಿ ರೊಟ್ಟಿ ಕೇಳಲಾಗದೆ ನಿಂತವರಿಗೆ ಅವರ ಮುಖ ನೋಡಿದರೆ ಏನು ಅನ್ನಿಸಿರಬಹುದು! ನೂರಾರು ಮಂದಿಯನ್ನು ಕರೆದುಕೊಂಡು ಬಂದರು. ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಕೊಂಡಿದ್ದ ಜಮೀನಿನಲ್ಲಿ ಮುಕ್ತಿ ಅನ್ನುವ ಊರೇ ಬೆಳೆಯಿತು. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿ ಎರಡು ಸಾವಿರದ ಹತ್ತಿರ ಜನ. ಬಾವಿ ತೋಡಿಸಿದರು, ಬೇಸಾಯ, ಹೈನು, ಎಣ್ಣೆ ಗಾಣ, ಮಗ್ಗ, ಅಚ್ಚುಕೂಟ, ಕುರುಡರಿಗೆ ಶಾಲೆ. ಹೆಣ್ಣುಮಕ್ಕಳೇ ಎಲ್ಲ ಕೆಲಸ ಮಾಡಿದರು. ಕೈಕೆಲಸ ಗೊತ್ತಿಲ್ಲದ್ದರಿಂದ, ಮಾಡಲು ಅಭಿಮಾನ ಬಿಡದ್ದರಿಂದ ತನ್ನ ಮನೆಯವರು ಹಸಿದು ಸತ್ತರು ಅಂತ ಬರೆದವರು ಕಟ್ಟಿದ ಊರು ಅದು. ಅಲ್ಲಿ ಕೈಕೆಲಸ ಕಲಿಯದ ಹುಡುಗಿ ಇರಲಿಲ್ಲ.

ಮನೋರಮಾ ಬೆಳೆದು ಅಮ್ಮನ ಬಲಗೈ ಆದರು. ಕನ್ನಡನಾಡಿನ ಜೊತೆ ಆ ಮನೆಯ ನಂಟು ಅವರ ಮೂಲಕ ಮತ್ತೆ ಕೂಡಿತು. ಆಗ ನಿಜಾಮರ ಸೀಮೆಯಲ್ಲಿದ್ದ ಕಲಬುರಗಿಯಲ್ಲಿ 1910ರ ದಶಕದಲ್ಲಿ ತಾಯಿ ಮಗಳು ಸೇರಿ ಹುಡುಗಿಯರ ಶಾಲೆ ತೆರೆದರು. ಮನೋರಮಾ 1921ರಲ್ಲಿ, ಅಮ್ಮನಿಗಿಂತ ಮೊದಲೇ ತೀರಿಕೊಂಡರು. ಅಲ್ಲಿಗೆ ಆ ಮನೆಯ ಕುಡಿ ಮುಗಿಯಿತು. ಅದಾದ ಮೇಲೂ ರಮಾಬಾಯಿ ಒಂದು ಕೆಲಸ ನಿಲ್ಲಿಸಲಿಲ್ಲ. ಹೀಬ್ರೂ, ಗ್ರೀಕ್‌ ಕಲಿತು ಮೂಲದಿಂದಲೇ ಬೈಬಲನ್ನು ಮರಾಠಿಗೆ ತರುತ್ತಿದ್ದರು. ಸಂಸ್ಕೃತದ ಭಾರ ಇಳಿಸಿದ, ಹಳ್ಳಿಯ ಹೆಂಗಸಿಗೂ ಅರ್ಥ ಆಗುವ ಮರಾಠಿ. ಮೊಳೆ ಜೋಡಿಸಿದ್ದು, ಅಚ್ಚು ಮಾಡಿದ್ದು ಮುಕ್ತಿಯ ಹೆಣ್ಣುಮಕ್ಕಳು. ಆ ಕೆಲಸ ಮುಗಿಸಿ 1922ರ ಏಪ್ರಿಲ್‌ 5ರಂದು ತೀರಿಕೊಂಡರು.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಅನಂತ ಶಾಸ್ತ್ರಿಗಳು ಬದುಕಿದ್ದರೆ ಮಗಳು ಮಾಡಿದ್ದನ್ನು ಒಪ್ಪುತ್ತಿದ್ದರಾ? ಅಲ್ಲಿ ಹೇಳಿದ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಒಪ್ಪುತ್ತಿರಲಿಲ್ಲ. ಎದೆ ಒಡೆದುಕೊಳ್ಳುತ್ತಿದ್ದರು. ಅಷ್ಟು ಆಚಾರವಂತರು ಅವರು. ಆದರೆ ಮಗಳನ್ನು ಕೂರಿಸಿಕೊಂಡು, ಎಲ್ಲಿ, ನಿನ್ನ ಆಧಾರ ತೋರಿಸು ಅಂತಲೂ ಕೇಳುತ್ತಿದ್ದರು ಅಂತ ನನ್ನ ನಂಬಿಕೆ. ಕಾಡಿನಲ್ಲಿ ಅಪ್ಪ ತಬ್ಬಿಕೊಂಡು ಹೇಳಿದ ಮಾತನ್ನು ರಮಾಬಾಯಿ ಕೊನೆಯವರೆಗೂ ಮರೆಯಲಿಲ್ಲ. ಅಪ್ಪ ನನ್ನನ್ನು ದೇವರಿಗೆ ಒಪ್ಪಿಸಿದಾಗ ಅವರಿಗೇ ತಿಳಿಯದ ದೇವರು ಅದನ್ನು ಕೇಳಿಸಿಕೊಂಡ ಅಂತ, ಮತಾಂತರ ಆಗಿ ಎಷ್ಟೋ ವರ್ಷಗಳ ಮೇಲೆ ಬರೆದರು. ಅಪ್ಪನಿಗೆ ಕೊಟ್ಟ ಮಾತು ಉಳಿಸಿಕೊಂಡೆ ಅಂತಲೇ ಆಕೆ ತಿಳಿದಿದ್ದರು.